ಲೋಲಕ ತೂಗಿದ್ದಾಯಿತು, ವರದಿ ಬರೆಯುವುದು ಹೇಗೆ?

ಪಿಯುಸಿಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಎರಡು ವರ್ಷ ಕಳೆದವರಿಗೆ ರೆಕಾರ್ಡ್ ಪುಸ್ತಕದ ಪರಿಚಯ ಹೇಳಬೇಕಾಗಿಲ್ಲ. ಗಟ್ಟಿ ರಟ್ಟು, ಕಂದು ಕಾಗದದ ಹೊದಿಕೆ, ಎಡಗಡೆಯ ಬಿಳಿ ಹಾಳೆಯಲ್ಲಿ ಪೆನ್ಸಿಲ್ಲಿನ ಚಿತ್ರ ಮತ್ತು ಕೋಷ್ಟಕ, ಬಲಗಡೆಯ ಗೆರೆ ಹಾಳೆಯಲ್ಲಿ ಉದ್ದೇಶ, ಸೂತ್ರ, ವಿಧಾನ, ಫಲಿತಾಂಶ, ಕೆಳಗೆ ಉಪನ್ಯಾಸಕರ ಸಹಿ. ದ್ವಿತೀಯ ಪಿಯುಸಿಯಲ್ಲಿ ಈ ವಿಷಯಕ್ಕಿರುವ 100 ಅಂಕಗಳಲ್ಲಿ 30 ಪ್ರಾಯೋಗಿಕ ಭಾಗಕ್ಕೆ ಸೇರಿರುವುದರಿಂದ ರೆಕಾರ್ಡನ್ನು ಎಲ್ಲರೂ ಶ್ರದ್ಧೆಯಿಂದ ತುಂಬುತ್ತಾರೆ.

ತೊಡಕು ಶುರುವಾಗುವುದು ಆಮೇಲೆ. ಬಿ.ಎಸ್‌ಸಿ.ಗೋ ಎಂಜಿನಿಯರಿಂಗಿಗೋ ಸೇರಿದಾಗ, ಇಲ್ಲವೇ ಓದಲು ಹೊರದೇಶಕ್ಕೆ ಹೋದಾಗ, ಮೊದಲ ತಿಂಗಳಲ್ಲೇ ಯಾರಾದರೊಬ್ಬರು 'ಮುಂದಿನ ವಾರ ಲ್ಯಾಬ್ ರಿಪೋರ್ಟ್ ಕೊಡಿ' ಎನ್ನುತ್ತಾರೆ. ಅಚ್ಚಾದ ವಿಧಾನವಿಲ್ಲ, ತುಂಬಲು ಖಾಲಿ ಜಾಗವಿಲ್ಲ. ಎಂಟು ಪುಟ ಏನು ಬರೆಯುವುದು? ಉತ್ತರ ಸರಿಯಾಗಿ ಬಂದಿದ್ದರೂ ಅಂಕ ಏಕೆ ಕಡಿತವಾಯಿತು? ಪ್ರಯೋಗಾಲಯದ ಮೇಜಿನ ಎರಡೂ ಬದಿಯಲ್ಲಿ ನಿಂತು ಈ ಪ್ರಶ್ನೆಗಳನ್ನು ನಾನು ಕೇಳಿದ್ದೇನೆ. ಹಾಗಾಗಿ ಬುಡದಿಂದ ಹೇಳುವ ಪ್ರಯತ್ನ ಮಾಡುತ್ತೇನೆ.

ವರದಿ ಒಂದು ಮಹಜರು

ಕಳ್ಳತನವಾದ ಮನೆಗೆ ಪೊಲೀಸರು ಬಂದಾಗ ಪಂಚರ ಸಮ್ಮುಖದಲ್ಲಿ ಮಹಜರು ಬರೆಯುತ್ತಾರೆ. ಹಿತ್ತಿಲ ಬಾಗಿಲಿನ ಚಿಲಕ ಮುರಿದಿದೆ, ಬೀರುವಿನ ಎರಡನೆಯ ಖಾನೆ ತೆರೆದಿದೆ, ನೆಲದ ಮೇಲೆ ಕೆಸರಿನ ಹೆಜ್ಜೆ ಇದೆ ಎಂದು ಕಣ್ಣಿಗೆ ಕಂಡದ್ದು ಮಾತ್ರ ಅದರಲ್ಲಿರುತ್ತದೆ. ಕಳ್ಳ ಹಿತ್ತಿಲಿನಿಂದ ಬಂದ ಎಂಬುದು ಆಮೇಲೆ ತೆಗೆಯುವ ತೀರ್ಮಾನ. ಮಹಜರು ಚೆನ್ನಾಗಿದ್ದರೆ, ಆ ಮನೆಯನ್ನು ಎಂದೂ ನೋಡದ ನ್ಯಾಯಾಧೀಶರೂ ತೀರ್ಮಾನ ಸರಿಯೇ ಎಂದು ತೂಗಿ ನೋಡಬಹುದು.

ಪ್ರಯೋಗದ ವರದಿಯ ಕೆಲಸವೂ ಅದೇ. ನೀವು ಪ್ರಯೋಗ ಮಾಡಿದಾಗ ಓದುಗರು ಪಕ್ಕದಲ್ಲಿರಲಿಲ್ಲ. ಅವರ ಕೈಯಲ್ಲಿರುವುದು ನಿಮ್ಮ ಹಾಳೆ ಮಾತ್ರ. ಆ ಹಾಳೆಯನ್ನು ಇಟ್ಟುಕೊಂಡು ಅವರು ಎರಡು ಕೆಲಸ ಮಾಡುವಂತಿರಬೇಕು. ಬೇಕೆಂದರೆ ಅದೇ ಪ್ರಯೋಗವನ್ನು ತಾವೇ ಮತ್ತೆ ಮಾಡಬೇಕು. ನೀವು ಕೊಟ್ಟ ಅಂತಿಮ ಸಂಖ್ಯೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ತಾವೇ ನಿರ್ಧರಿಸಬೇಕು. ರೆಕಾರ್ಡ್ ಪುಸ್ತಕ 'ಈ ವಿದ್ಯಾರ್ಥಿ ಪ್ರಯೋಗ ಮಾಡಿದ್ದಾನೆ' ಎಂಬುದಕ್ಕೆ ಸಾಕ್ಷಿ. ವರದಿ 'ಈ ಸಂಖ್ಯೆ ಹೀಗೆ ಬಂತು, ಇಷ್ಟು ನಂಬಬಹುದು' ಎಂಬುದಕ್ಕೆ ಸಾಕ್ಷಿ. ಮುಂದೆ ಹೇಳುವ ನಿಯಮಗಳೆಲ್ಲ ಈ ಒಂದು ವ್ಯತ್ಯಾಸದಿಂದ ಹುಟ್ಟಿದವು.

ಉದಾಹರಣೆಗೆ ಒಂದು ಪ್ರಯೋಗ

ಬರೀ ನಿಯಮ ಹೇಳಿದರೆ ಗಾಳಿಯಲ್ಲಿ ಈಜು ಕಲಿಸಿದಂತೆ. ಎಲ್ಲರೂ ಮಾಡಿರುವ ಸರಳ ಲೋಲಕದ ಪ್ರಯೋಗವನ್ನೇ ತೆಗೆದುಕೊಳ್ಳೋಣ.

ಒಂದು ಸ್ಟ್ಯಾಂಡಿಗೆ ದಾರ ಕಟ್ಟಿ, ತುದಿಗೆ ಸಣ್ಣ ಲೋಹದ ಗುಂಡು ತೂಗುಬಿಟ್ಟು ಮೆಲ್ಲಗೆ ಸರಿಸಿ ಬಿಟ್ಟರೆ ಅದು ತೊಟ್ಟಿಲಿನಂತೆ ಆಚೀಚೆ ತೂಗುತ್ತದೆ. ಆಚೆ ಹೋಗಿ ಈಚೆ ಬಂದು, ಹೊರಟ ಜಾಗಕ್ಕೆ ಅದೇ ದಿಕ್ಕಿನಲ್ಲಿ ಮರಳಿದರೆ ಒಂದು ಆಂದೋಲನ. ಅದಕ್ಕೆ ಹಿಡಿಯುವ ಸಮಯ ಅವಧಿ. ದಾರ ಉದ್ದವಾದಷ್ಟೂ ಅವಧಿ ಹೆಚ್ಚು. ಭೂಮಿಯ ಸೆಳೆತ ಜೋರಾದಷ್ಟೂ ಅವಧಿ ಕಡಿಮೆ. ಕೈಬಿಟ್ಟ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಹೆಚ್ಚುತ್ತದೆ ಎಂದು ಹೇಳುವ ಸಂಖ್ಯೆಯೇ ಗುರುತ್ವ ವೇಗೋತ್ಕರ್ಷ. ಅದನ್ನು 'ಜಿ' ಎಂದು ಗುರುತಿಸುವುದು ವಾಡಿಕೆ. ಇವುಗಳ ಸಂಬಂಧ ಹೀಗಿದೆ:

ಜಿ = 4 × ಪೈ² × ಉದ್ದ ÷ ಅವಧಿ²

ಇಲ್ಲಿ ಉದ್ದ ಎಂದರೆ ದಾರವನ್ನು ಸಿಕ್ಕಿಸಿದ ಬಿಂದುವಿನಿಂದ ಗುಂಡಿನ ನಡುಮಧ್ಯದವರೆಗಿನ ದೂರ, ಗುಂಡಿನ ನೆತ್ತಿಯವರೆಗಿನದಲ್ಲ. ಇದನ್ನು ನೆನಪಿಡಿ, ಗ್ರಾಫಿನ ಹತ್ತಿರ ಹೋದಾಗ ಇದು ಮತ್ತೆ ಎದುರಾಗುತ್ತದೆ.

ವರದಿಯಲ್ಲಿ ಏನೇನಿರುತ್ತದೆ

ಶೀರ್ಷಿಕೆ, ಸಾರಾಂಶ, ಪೀಠಿಕೆ, ತತ್ವ, ಉಪಕರಣ ಮತ್ತು ವಿಧಾನ, ವೀಕ್ಷಣೆಗಳು, ಲೆಕ್ಕಾಚಾರ, ಚರ್ಚೆ, ತೀರ್ಮಾನ. ಹೆಸರುಗಳು ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಬದಲಾಗುತ್ತವೆ, ಕೆಲವೆಡೆ ಎರಡನ್ನು ಸೇರಿಸಿ ಒಂದು ಮಾಡುತ್ತಾರೆ. ಕ್ರಮ ಮಾತ್ರ ಹೆಚ್ಚುಕಡಿಮೆ ಎಲ್ಲೆಡೆ ಒಂದೇ, ಏಕೆಂದರೆ ಅದು ಓದುಗರ ಪ್ರಶ್ನೆಗಳ ಕ್ರಮ: ಏನು ಹುಡುಕಿದಿರಿ, ಹೇಗೆ ಹುಡುಕಿದಿರಿ, ಏನು ಕಂಡಿತು, ಅದರ ಅರ್ಥವೇನು.

ಪೀಠಿಕೆ ಮತ್ತು ತತ್ವಕ್ಕೆ ಹೆಚ್ಚು ಜಾಗ ಕೊಡಬೇಕಾಗಿಲ್ಲ. ನ್ಯೂಟನ್ನರ ಜನ್ಮ ವೃತ್ತಾಂತ ಅಲ್ಲಿ ಬೇಡ. ಬಳಸಿದ ಸೂತ್ರ ಯಾವುದು, ಅದರ ಪ್ರತಿ ಅಕ್ಷರ ಏನನ್ನು ಸೂಚಿಸುತ್ತದೆ, ಯಾವ ಷರತ್ತಿನಲ್ಲಿ ಅದು ನಡೆಯುತ್ತದೆ ಎಂದು ಹೇಳಿದರೆ ಸಾಕು. ಆ ಷರತ್ತನ್ನು ಹೇಳುವುದನ್ನೇ ಬಹಳಷ್ಟು ಜನ ಮರೆಯುತ್ತಾರೆ. ಮೇಲಿನ ಸೂತ್ರ ಲೋಲಕ ಸಣ್ಣ ಕೋನದಲ್ಲಿ ತೂಗಿದಾಗ ಮಾತ್ರ ಸರಿ. 5 ಡಿಗ್ರಿಯಷ್ಟು ಸರಿಸಿ ಬಿಟ್ಟರೆ ಅವಧಿಯಲ್ಲಿ ಬರುವ ವ್ಯತ್ಯಾಸ ಸುಮಾರು ಶೇ. 0.05, ಲೆಕ್ಕಕ್ಕಿಲ್ಲ. 20 ಡಿಗ್ರಿ ಸರಿಸಿದರೆ ಶೇ. 0.8ರ ಹತ್ತಿರ, ಜಿ ಬೆಲೆಯಲ್ಲಿ ಅದು ಇಮ್ಮಡಿಯಾಗಿ ಶೇ. 1.5ರಷ್ಟು ತಗ್ಗುತ್ತದೆ. 'ಆಂದೋಲನದ ಪಾರ ಚಿಕ್ಕದಾಗಿರಬೇಕು' (ಪಾರ ಎಂದರೆ ಗುಂಡು ನಡುವಿನಿಂದ ಒಂದು ಬದಿಗೆ ಸರಿಯುವ ದೂರ) ಎಂದು ಮುನ್ನೆಚ್ಚರಿಕೆಯ ಪಟ್ಟಿಯಲ್ಲಿ ಬಾಯಿಪಾಠದಂತೆ ಬರೆಯುತ್ತೇವಲ್ಲ, ಅದರ ಹಿಂದಿರುವ ಲೆಕ್ಕ ಇದು.

'ಬಿಡಿ', 'ಬಿಡಬೇಕು', 'ಬಿಟ್ಟೆವು'

ನಮ್ಮ ಪಠ್ಯಪುಸ್ತಕಗಳಲ್ಲಿ ವಿಧಾನ ಅಡುಗೆ ಪುಸ್ತಕದ ಧಾಟಿಯಲ್ಲಿರುತ್ತದೆ: ದಾರವನ್ನು ಕಟ್ಟಿ, ಗುಂಡನ್ನು ತೂಗುಬಿಡಿ, ಸಮಯವನ್ನು ಅಳೆಯಿರಿ. ಅದನ್ನೇ ನಕಲಿಸಿದ ವಿದ್ಯಾರ್ಥಿಯ ಹಾಳೆಯಲ್ಲಿಯೂ 'ಅಳೆಯಬೇಕು' ಎಂದೇ ಇರುತ್ತದೆ. ಯಾರು ಅಳೆಯಬೇಕು? ವರದಿ ಬರೆಯುವ ಹೊತ್ತಿಗೆ ಅಳತೆ ಮುಗಿದಿದೆ. ಆದ್ದರಿಂದ ವಿಧಾನ ಭೂತಕಾಲದಲ್ಲಿರಬೇಕು: ಕಟ್ಟಿದೆವು, ಬಿಟ್ಟೆವು, ಅಳೆದೆವು.

'ಅಳೆಯಲಾಯಿತು' ಎಂದು ಬರೆಯುವುದು ಹಳೆಯ ಸಂಪ್ರದಾಯ. ಇಂಗ್ಲಿಷಿನಲ್ಲೂ ಕರ್ತೃವನ್ನು ಮರೆಸಿ ಕರ್ಮಣಿ ಪ್ರಯೋಗದಲ್ಲೇ ವರದಿ ಬರೆಯಿರಿ ಎಂದು ಹೇಳಿಕೊಡುತ್ತಿದ್ದರು. ಈಗಿನ ಭೌತಶಾಸ್ತ್ರ ಪತ್ರಿಕೆಗಳಲ್ಲಿ 'ನಾವು ಅಳೆದೆವು' ಎಂಬ ನೇರ ಮಾತು ಸಾಮಾನ್ಯ. ಕನ್ನಡದ ಕಿವಿಗೆ ಪುಟ ತುಂಬ 'ಲಾಯಿತು' ಕೇಳಿದರೆ ಸರ್ಕಾರಿ ಸುತ್ತೋಲೆಯ ನೆನಪಾಗುತ್ತದೆ. ನಿಮ್ಮ ಉಪನ್ಯಾಸಕರಿಗೆ ಯಾವುದು ಒಪ್ಪಿಗೆ ಎಂದು ಮೊದಲೇ ಕೇಳಿಕೊಂಡು, ಒಂದನ್ನು ಹಿಡಿದು ಕೊನೆಯವರೆಗೂ ಅದನ್ನೇ ಉಳಿಸಿಕೊಳ್ಳಿ.

ಇದಕ್ಕಿಂತ ಮುಖ್ಯವಾದದ್ದು ವಿವರ. ಎರಡು ವಾಕ್ಯಗಳನ್ನು ಹೋಲಿಸಿ ನೋಡಿ.

'ಲೋಲಕವನ್ನು ತೂಗುಬಿಟ್ಟು ಸಮಯವನ್ನು ಅಳೆಯಲಾಯಿತು.'

'ದಾರದ ತುದಿಯನ್ನು ಸೀಳಿದ ಬಿರಡೆಯ ನಡುವೆ ಬಿಗಿಯಾಗಿ ಸಿಕ್ಕಿಸಿದೆವು. ಗುಂಡು ನಿಶ್ಚಲವಾಗಿದ್ದಾಗ ಅದರ ಹಿಂದೆ ಮೇಜಿನ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆವು. ಗುಂಡು ಆ ಗುರುತನ್ನು ಎಡದಿಂದ ಬಲಕ್ಕೆ ದಾಟಿದಾಗ ಸ್ಟಾಪ್ ವಾಚ್ ಚಾಲೂ ಮಾಡಿ, ಸೊನ್ನೆಯಿಂದ ಎಣಿಸಿ, 20ನೆಯ ಸಲ ಅದೇ ದಿಕ್ಕಿನಲ್ಲಿ ದಾಟಿದಾಗ ನಿಲ್ಲಿಸಿದೆವು.'

ಎರಡನೆಯದನ್ನು ಓದಿದವರು ನಾಳೆಯೇ ಪ್ರಯೋಗ ಮಾಡಬಹುದು. ಬಿರಡೆಯನ್ನು ಏಕೆ ಸೀಳಬೇಕು ಎಂಬುದೂ ಯೋಚಿಸತಕ್ಕದ್ದೇ. ದಾರವನ್ನು ಕಂಬಿಗೆ ಸುತ್ತಿ ಗಂಟು ಹಾಕಿದರೆ ಲೋಲಕ ತೂಗುವಾಗ ಗಂಟು ಜಾರುತ್ತದೆ, ಸಿಕ್ಕಿಸಿದ ಬಿಂದು ಯಾವುದೆಂದು ಖಚಿತವಾಗುವುದಿಲ್ಲ, ಉದ್ದವೇ ಅನುಮಾನಕ್ಕೆ ಬೀಳುತ್ತದೆ. ಗುರುತನ್ನು ಅಂಚಿನಲ್ಲಿ ಹಾಕದೆ ನಡುವೆ ಹಾಕುವುದಕ್ಕೂ ಕಾರಣವಿದೆ. ಅಂಚಿನಲ್ಲಿ ಗುಂಡು ನಿಧಾನವಾಗಿ ನಿಂತು ತಿರುಗುತ್ತದೆ, ತಿರುಗಿದ ಕ್ಷಣ ಕಣ್ಣಿಗೆ ಸಿಗುವುದಿಲ್ಲ. ನಡುವೆ ಅದರ ವೇಗ ಅತಿ ಹೆಚ್ಚು, ಗುರುತನ್ನು ದಾಟಿದ ಕ್ಷಣ ಸ್ಪಷ್ಟ.

ಕಂಡದ್ದನ್ನು ಕಂಡ ಹಾಗೆ

ಈಗ ಕೋಷ್ಟಕ. ಇದು ಮಾದರಿಗಾಗಿ ಕೊಟ್ಟಿರುವುದು. ದಾರದ ಉದ್ದವನ್ನು ಗುಂಡಿನ ನೆತ್ತಿಯವರೆಗೆ ಅಳೆಯಲಾಗಿದೆ. ಗುಂಡಿನ ವ್ಯಾಸ ವರ್ನಿಯರ್ ಕ್ಯಾಲಿಪರ್ಸಿನಲ್ಲಿ 2.00 ಸೆಂ.ಮೀ.

| ದಾರದ ಉದ್ದ (ಸೆಂ.ಮೀ.) | 20 ಆಂದೋಲನಗಳ ಸಮಯ, ಮೂರು ಸಲ (ಸೆ.) | ಸರಾಸರಿ (ಸೆ.) | ಅವಧಿ² (ಸೆ²) |
|---|---|---|---|
| 59.0 | 31.1, 31.2, 31.1 | 31.13 | 2.423 |
| 69.0 | 33.7, 33.6, 33.6 | 33.63 | 2.828 |
| 79.0 | 35.9, 36.0, 35.9 | 35.93 | 3.228 |
| 89.0 | 38.2, 38.1, 38.1 | 38.13 | 3.635 |
| 99.0 | 40.1, 40.3, 40.2 | 40.20 | 4.040 |

ಅಳತೆಯ ಮಾನ ಪ್ರತಿ ಅಂಕಣದ ತಲೆಯಲ್ಲಿದೆ, ಪ್ರತಿ ಸಂಖ್ಯೆಯ ಪಕ್ಕದಲ್ಲಲ್ಲ. 59 ಎಂದು ಬರೆಯದೆ 59.0 ಎಂದು ಬರೆದಿರುವುದು ಅಂದಕ್ಕಾಗಿ ಅಲ್ಲ. ಮಿಲಿಮೀಟರಿನವರೆಗೆ ನೋಡಿದ್ದೇನೆ, ಅಲ್ಲಿ ಸೊನ್ನೆ ಇತ್ತು ಎಂದು ಅದು ಹೇಳುತ್ತದೆ. ಮೂರು ಓದಿಕೆಗಳನ್ನೂ ಕೊಟ್ಟಿರುವುದು ಅತಿ ಮುಖ್ಯ. ಸರಾಸರಿ ಮಾತ್ರ ಕೊಟ್ಟರೆ ಓದಿಕೆಗಳು ಎಷ್ಟು ಚದುರಿದ್ದವು ಎಂಬುದು ಓದುಗರಿಗೆ ತಿಳಿಯುವುದೇ ಇಲ್ಲ.

ಕಚ್ಚಾ ಓದಿಕೆಗಳನ್ನು ಪ್ರಯೋಗಾಲಯದಲ್ಲಿಯೇ, ಪೆನ್ನಿನಲ್ಲಿ, ಬಂದ ಹಾಗೆ ಬರೆದುಕೊಳ್ಳಬೇಕು. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ, ಅಳಿಸಬೇಡಿ. ಇದೇಕೆ ಇಷ್ಟು ಕಟ್ಟುನಿಟ್ಟು? ಒಂದು ಪ್ರಸಂಗ ಹೇಳುತ್ತೇನೆ. ಒಬ್ಬಳು ವಿದ್ಯಾರ್ಥಿನಿಗೆ ಜಿ ಬೆಲೆ 10.8 ಬಂತು. ಅಕ್ಕಪಕ್ಕದವರಿಗೆಲ್ಲ 9.7, 9.8. ಅವಳ ಕಣ್ಣಲ್ಲಿ ನೀರು. ಸಮಯಗಳನ್ನು ಅಳಿಸಿ, ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದುಬಿಡು ಎಂದು ಗೆಳತಿ ಪಿಸುಗುಟ್ಟಿದಳು. ಅವಳು ಅಳಿಸಲಿಲ್ಲ. ಅವಳ ಓದಿಕೆ 38.2 ಸೆಕೆಂಡ್ ಇತ್ತು, ಇರಬೇಕಾದದ್ದು 40.2. ಎರಡು ಸೆಕೆಂಡ್ ಕಡಿಮೆ, ಅಂದರೆ ಸರಿಯಾಗಿ ಒಂದು ಆಂದೋಲನ ಕಡಿಮೆ. ಗುಂಡು ಮೊದಲ ಸಲ ಗುರುತನ್ನು ದಾಟಿದಾಗ ಅವಳು 'ಸೊನ್ನೆ' ಎನ್ನದೆ 'ಒಂದು' ಎಂದು ಎಣಿಕೆ ಶುರು ಮಾಡಿದ್ದಳು. 19 ಆಂದೋಲನವನ್ನು 20 ಎಂದು ಲೆಕ್ಕ ಹಾಕಿದರೆ ಜಿ ಶೇ. 11ರಷ್ಟು ಏರುತ್ತದೆ. ಅಳಿಸಿದ್ದರೆ ಕಾರಣ ಎಂದಿಗೂ ಸಿಗುತ್ತಿರಲಿಲ್ಲ. ಹಾಳೆಯಲ್ಲಿ ಉಳಿದಿದ್ದರಿಂದ ಎರಡು ನಿಮಿಷದಲ್ಲಿ ಸಿಕ್ಕಿತು, ಅವಳು ಮತ್ತೆ ಅಳೆದಳು, ವರದಿಯಲ್ಲಿ ಎರಡೂ ಓದಿಕೆಗಳನ್ನು ಕಾರಣದೊಂದಿಗೆ ಬರೆದಳು. ಆ ವರ್ಷ ನಾನು ಓದಿದ ಅತ್ಯುತ್ತಮ ವರದಿ ಅದು.

± ಎಂಬ ಚಿಹ್ನೆ ಏನು ಹೇಳುತ್ತದೆ

ಕೊನೆಯ ಸಾಲನ್ನು ತೆಗೆದುಕೊಂಡು ಲೆಕ್ಕ ಹಾಕೋಣ. ದಾರ 99.0, ಗುಂಡಿನ ತ್ರಿಜ್ಯ 1.0, ಒಟ್ಟು ಉದ್ದ 100.0 ಸೆಂ.ಮೀ. ಅಂದರೆ 1.000 ಮೀಟರ್. ಅವಧಿ 40.20 ÷ 20 = 2.010 ಸೆಕೆಂಡ್. ಕ್ಯಾಲ್ಕುಲೇಟರ್ ಕೊಡುವ ಉತ್ತರ 9.7716437.

ಇದನ್ನು ಹೀಗೆಯೇ ಬರೆಯುವುದು ವರದಿಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು. ಏಳು ದಶಮಾಂಶ ಸ್ಥಾನ ಬರೆಯುವುದೆಂದರೆ 'ನನ್ನ ಅಳತೆ ಸುಮಾರು ಹತ್ತು ಕೋಟಿಯಲ್ಲಿ ಒಂದು ಪಾಲಿನಷ್ಟು ನಿಖರ' ಎಂದು ಹೇಳಿದಂತೆ. ದಾರ ಮತ್ತು ಸ್ಟಾಪ್ ವಾಚಿನಿಂದ ಅದು ಸಾಧ್ಯವೇ? ಊರಿನ ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿದರೆ 'ಎಂಟೂವರೆ ಸುಮಾರಿಗೆ, ಐದು ನಿಮಿಷ ಆಚೀಚೆ' ಎನ್ನುತ್ತೇವೆ. 'ಎಂಟು ಗಂಟೆ ಇಪ್ಪತ್ತೊಂಬತ್ತು ನಿಮಿಷ ನಲವತ್ಮೂರು ಸೆಕೆಂಡಿಗೆ' ಎಂದವರನ್ನು ಯಾರೂ ನಂಬುವುದಿಲ್ಲ. ಆ 'ಐದು ನಿಮಿಷ ಆಚೀಚೆ' ಇದೆಯಲ್ಲ, ವಿಜ್ಞಾನದಲ್ಲಿ ಅದರ ಹೆಸರು ಅನಿಶ್ಚಿತತೆ. ಅದನ್ನು ಬರೆಯುವ ಚಿಹ್ನೆ ±. ಅನಿಶ್ಚಿತತೆ ಎಂದರೆ ತಪ್ಪು ಮಾಡಿದ್ದೇವೆ ಎಂದರ್ಥವಲ್ಲ. ಅಳತೆ ಎಂಬ ಕ್ರಿಯೆಗೆ ಹುಟ್ಟಿನಿಂದಲೇ ಅಂಟಿಕೊಂಡ ಮಿತಿ ಅದು.

ಅದನ್ನು ಅಂದಾಜು ಮಾಡುವುದು ಹೇಗೆ? ಮೊದಲು ಪ್ರತಿ ಉಪಕರಣವನ್ನೂ ಕೇಳಿ. ಮೀಟರ್ ಸ್ಕೇಲಿನ ಅತಿ ಚಿಕ್ಕ ಗೆರೆ 1 ಮಿಲಿಮೀಟರ್. 1000 ಮಿಲಿಮೀಟರಿನಲ್ಲಿ 1, ಅಂದರೆ ಶೇ. 0.1. ಸ್ಟಾಪ್ ವಾಚಿನ ವಿಷಯ ಸ್ವಲ್ಪ ಸೂಕ್ಷ್ಮ. ಡಿಜಿಟಲ್ ವಾಚು ಸೆಕೆಂಡಿನ ನೂರನೇ ಒಂದು ಭಾಗವನ್ನು ತೋರಿಸುತ್ತದೆ. ಆದರೆ ಗುಂಡಿ ಒತ್ತುವುದು ನಿಮ್ಮ ಬೆರಳು. ಕಣ್ಣು ಕಂಡು, ಮಿದುಳು ಹೇಳಿ, ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಕಳೆದಿರುತ್ತದೆ. ಹಾಗಾಗಿ ವಾಚಿನ ಗಾಜಿನ ಮೇಲಿನ ಕೊನೆಯ ಅಂಕಿಯನ್ನು ನಂಬುವಂತಿಲ್ಲ, ಅನಿಶ್ಚಿತತೆಯನ್ನು 0.2 ಎಂದೇ ಹಿಡಿಯುವುದು ಕ್ಷೇಮ.

20 ಆಂದೋಲನಗಳನ್ನು ಏಕೆ ಅಳೆಯುತ್ತೇವೆ ಎಂಬುದೂ ಈಗ ತಿಳಿಯುತ್ತದೆ. ಒಂದೇ ಆಂದೋಲನ ಅಳೆದರೆ 2 ಸೆಕೆಂಡಿನಲ್ಲಿ 0.2 ಸಂದೇಹ, ಅಂದರೆ ಶೇ. 10. ಇಪ್ಪತ್ತು ಅಳೆದರೆ ಅದೇ 0.2 ಸಂದೇಹ 40 ಸೆಕೆಂಡಿನಲ್ಲಿ ಹಂಚಿಹೋಗಿ ಶೇ. 0.5ಕ್ಕೆ ಇಳಿಯುತ್ತದೆ. ಒಂದು ಹಾಳೆಯ ದಪ್ಪ ಬೇಕಾದಾಗ ನೂರು ಹಾಳೆಯ ಕಟ್ಟನ್ನು ಅಳೆದು ನೂರರಿಂದ ಭಾಗಿಸುವ ಉಪಾಯವೇ ಇದು.

ಸೂತ್ರದಲ್ಲಿ ಅವಧಿಯ ವರ್ಗ ಇರುವುದರಿಂದ ಅದರ ಪಾಲು ಇಮ್ಮಡಿ: 2 × 0.5 = ಶೇ. 1. ಉದ್ದದ ಶೇ. 0.1 ಸೇರಿಸಿದರೆ ಶೇ. 1.1. 9.77ರಲ್ಲಿ ಶೇ. 1.1 ಎಂದರೆ ಸುಮಾರು 0.1. (ಮೇಲಿನ ತರಗತಿಗಳಲ್ಲಿ ಇವನ್ನು ನೇರ ಕೂಡದೆ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯುತ್ತಾರೆ, ಇಲ್ಲಿ ಉತ್ತರ ಹೆಚ್ಚು ಬದಲಾಗದು.) ಆದ್ದರಿಂದ ವರದಿಯಲ್ಲಿ ಬರೆಯಬೇಕಾದದ್ದು:

ಜಿ = 9.8 ± 0.1 ಮೀ/ಸೆ²

ಮೊದಲ ದಶಮಾಂಶ ಸ್ಥಾನದಲ್ಲೇ ಸಂದೇಹವಿರುವಾಗ ಎರಡನೆಯ, ಮೂರನೆಯ ಸ್ಥಾನಗಳಿಗೆ ಅರ್ಥವಿಲ್ಲ, ಆದ್ದರಿಂದ ಅವನ್ನು ಬಿಟ್ಟೆವು. ಅರ್ಥವಿರುವ ಅಂಕಿಗಳನ್ನು ಸಾರ್ಥಕ ಅಂಕಿಗಳು ಎನ್ನುತ್ತಾರೆ. ಆ ಹೆಸರು ನನಗೆ ಇಷ್ಟ, ಏಕೆಂದರೆ ಅದು ವಿಷಯವನ್ನು ತಾನೇ ಹೇಳಿಬಿಡುತ್ತದೆ.

ಈ ಲೆಕ್ಕದಿಂದ ಇನ್ನೊಂದು ಲಾಭವೂ ಇದೆ. ಒಟ್ಟು ಶೇ. 1.1ರಲ್ಲಿ ಶೇ. 1 ಸಮಯದಿಂದಲೇ ಬಂದಿದೆ. ಪ್ರಯೋಗವನ್ನು ಉತ್ತಮಗೊಳಿಸಬೇಕೆಂದರೆ ದುಬಾರಿ ಸ್ಕೇಲ್ ತಂದು ಫಲವಿಲ್ಲ. 50 ಆಂದೋಲನ ಅಳೆಯಿರಿ. ಚರ್ಚೆಯ ಭಾಗದಲ್ಲಿ ಈ ಒಂದು ವಾಕ್ಯ ಬರೆದ ವಿದ್ಯಾರ್ಥಿ ಪ್ರಯೋಗವನ್ನು ಅರ್ಥಮಾಡಿಕೊಂಡಿದ್ದಾನೆ ಎಂದು ಓದುವವರಿಗೆ ತಕ್ಷಣ ತಿಳಿಯುತ್ತದೆ.

ಗ್ರಾಫ್ ಬಯಲು ಮಾಡುವ ಗುಟ್ಟು

ಐದು ಉದ್ದಗಳಿಗೂ ಪ್ರತ್ಯೇಕವಾಗಿ ಜಿ ಲೆಕ್ಕ ಹಾಕಿ ಸರಾಸರಿ ತೆಗೆಯಬಹುದಲ್ಲ, ಗ್ರಾಫ್ ಏಕೆ ಬೇಕು? ಈ ಪ್ರಶ್ನೆಗೆ ಉತ್ತರ ಗುಂಡಿನ ತ್ರಿಜ್ಯದಲ್ಲಿದೆ.

ಯಾರೋ ಒಬ್ಬರು ತ್ರಿಜ್ಯ ಸೇರಿಸುವುದನ್ನು ಮರೆತರು ಎಂದಿಟ್ಟುಕೊಳ್ಳಿ. 99.0 ಸೆಂ.ಮೀ. ಅನ್ನೇ ಪೂರ್ತಿ ಉದ್ದವೆಂದು ಹಿಡಿದರೆ ಜಿ ಬೆಲೆ 9.67 ಬರುತ್ತದೆ. 59.0 ಸೆಂ.ಮೀ. ಸಾಲಿನಿಂದ 9.61. ಎರಡೂ ಕಡಿಮೆ, ಮತ್ತು ದಾರ ಗಿಡ್ಡವಾದಷ್ಟೂ ಇನ್ನೂ ಕಡಿಮೆ. ನೂರು ಸಲ ಅಳೆದು ಸರಾಸರಿ ತೆಗೆದರೂ ಈ ದೋಷ ಹೋಗದು, ಏಕೆಂದರೆ ಅದು ಪ್ರತಿ ಸಲವೂ ಒಂದೇ ಕಡೆಗೆ ಎಳೆಯುತ್ತದೆ. ಇದು ವ್ಯವಸ್ಥಿತ ದೋಷ. ಹತ್ತು ನಿಮಿಷ ಮುಂದಿರುವ ಗಡಿಯಾರದಂತೆ. ಬೆರಳು ಒಮ್ಮೆ ಬೇಗ, ಒಮ್ಮೆ ತಡವಾಗಿ ಒತ್ತಿದ್ದರಿಂದ ಬರುವುದು ಯಾದೃಚ್ಛಿಕ ದೋಷ. ಅದು ಆಚೆಗೂ ಈಚೆಗೂ ಬೀಳುವುದರಿಂದ ಸರಾಸರಿಯಲ್ಲಿ ಕರಗುತ್ತದೆ.

ಈಗ ಅದೇ ಮರೆವಿನ ವಿದ್ಯಾರ್ಥಿ ಅಡ್ಡ ಅಕ್ಷದಲ್ಲಿ ದಾರದ ಉದ್ದವನ್ನೂ ನೆಟ್ಟಗಿನ ಅಕ್ಷದಲ್ಲಿ ಅವಧಿಯ ವರ್ಗವನ್ನೂ ಇಟ್ಟು ಐದು ಬಿಂದುಗಳನ್ನು ಗುರುತಿಸಲಿ. ಅವು ಸರಳರೇಖೆಯಲ್ಲಿ ಕೂರುತ್ತವೆ. ಆ ರೇಖೆಯ ಇಳಿಜಾರು, ಅಂದರೆ ಅಡ್ಡಕ್ಕೆ ಒಂದು ಮೀಟರ್ ಹೋದರೆ ಎಷ್ಟು ಮೇಲೇರುತ್ತದೆ ಎಂಬುದು, 4.04 ಸೆ²/ಮೀ. ಜಿ = 4 × ಪೈ² ÷ 4.04 = 9.77. ತ್ರಿಜ್ಯ ಮರೆತಿದ್ದರೂ ಸರಿಯಾದ ಉತ್ತರ ಬಂತು! ಎಲ್ಲ ಬಿಂದುಗಳೂ ಒಂದೇ ಸಮನೆ 1 ಸೆಂ.ಮೀ. ಎಡಕ್ಕೆ ಸರಿದಿವೆ ಅಷ್ಟೇ. ಏಣಿಯನ್ನು ಹಾಗೆಯೇ ಪಕ್ಕಕ್ಕೆ ಸರಿಸಿದರೆ ಅದರ ಓರೆ ಬದಲಾಗುವುದಿಲ್ಲ.

ಇನ್ನೂ ಸೊಗಸಾದದ್ದು ಮುಂದಿದೆ. ರೇಖೆಯನ್ನು ಕೆಳಕ್ಕೆ ಎಳೆಯುತ್ತಾ ಹೋಗಿ. ಉದ್ದ ಸೊನ್ನೆಯಾದರೆ ಅವಧಿಯೂ ಸೊನ್ನೆಯಾಗಬೇಕು, ಅಂದರೆ ರೇಖೆ ಮೂಲಬಿಂದುವಿನ ಮೂಲಕ ಹಾಯಬೇಕು. ಇಲ್ಲಿ ಅದು ಹಾಯುವುದಿಲ್ಲ. ನೆಟ್ಟಗಿನ ಅಕ್ಷವನ್ನು 0.04ರ ಬಳಿ ಕತ್ತರಿಸಿ, ಅಡ್ಡ ಅಕ್ಷವನ್ನು ಸೊನ್ನೆಯ ಎಡಕ್ಕೆ ಹೆಚ್ಚುಕಡಿಮೆ 1 ಸೆಂ.ಮೀ. ದೂರದಲ್ಲಿ ಮುಟ್ಟುತ್ತದೆ. ಆ 1 ಸೆಂ.ಮೀ. ಗುಂಡಿನ ತ್ರಿಜ್ಯ. ಮರೆತದ್ದು ಏನು, ಎಷ್ಟು ಎಂದು ಗ್ರಾಫೇ ಬೆರಳಿಟ್ಟು ತೋರಿಸಿತು. ಮೊದಲ ಬಾರಿ ಇದನ್ನು ಕಣ್ಣಾರೆ ಕಂಡ ದಿನ ನನಗೆ ಗ್ರಾಫ್ ಹಾಳೆಯ ಮೇಲೆ ಹುಟ್ಟಿದ ಗೌರವ ಇಂದಿಗೂ ಇಳಿದಿಲ್ಲ.

ಆದ್ದರಿಂದ ಗ್ರಾಫನ್ನು ಬಲವಂತವಾಗಿ ಮೂಲಬಿಂದುವಿನ ಮೂಲಕ ಎಳೆಯಬೇಡಿ. ಬಿಂದುಗಳನ್ನು ಒಂದಕ್ಕೊಂದು ಮುರಿಮುರಿಯಾಗಿ ಜೋಡಿಸಲೂ ಬೇಡಿ. ಎಲ್ಲಕ್ಕೂ ಹತ್ತಿರವಾಗುವ ಒಂದು ರೇಖೆ ಎಳೆಯಿರಿ. ಇಳಿಜಾರು ತೆಗೆಯಲು ರೇಖೆಯ ಮೇಲಿನ ದೂರದೂರದ ಎರಡು ಜಾಗಗಳನ್ನು ಆರಿಸಿ, ಕೋಷ್ಟಕದ ಬಿಂದುಗಳನ್ನಲ್ಲ. ಎರಡೂ ಅಕ್ಷಗಳಿಗೆ ಹೆಸರು, ಮಾನ, ಪ್ರಮಾಣ ಬರೆಯಿರಿ.

ಚರ್ಚೆ: 'ಮಾನವ ದೋಷ' ಎಂದು ಬರೆದು ಮುಗಿಸಬೇಡಿ

ಚರ್ಚೆಯ ಭಾಗದಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೇ ಸಾಲು: 'ಮಾನವ ದೋಷದಿಂದ ಫಲಿತಾಂಶದಲ್ಲಿ ವ್ಯತ್ಯಾಸ ಬಂದಿರಬಹುದು.' ಇದರಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಯಾವ ದೋಷ, ಅದು ಬೆಲೆಯನ್ನು ಏರಿಸುತ್ತದೆಯೋ ಇಳಿಸುತ್ತದೆಯೋ, ಎಷ್ಟು, ಈ ಮೂರನ್ನು ಹೇಳಬೇಕು. 'ತ್ರಿಜ್ಯ ಸೇರಿಸದಿದ್ದರೆ 100 ಸೆಂ.ಮೀ. ಉದ್ದದಲ್ಲಿ ಬೆಲೆ ಶೇ. 1ರಷ್ಟು ಇಳಿಯುತ್ತದೆ' ಎಂಬುದು ಚರ್ಚೆ. 'ಫ್ಯಾನಿನ ಗಾಳಿ ಇತ್ತು' ಎಂದು ಬರೆದರೆ, ಫ್ಯಾನ್ ಆರಿಸಿ ಮತ್ತೆ ಅಳೆದಿರಾ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಬಂದ ಬೆಲೆಯನ್ನು ಒಪ್ಪಿತ ಬೆಲೆಯೊಂದಿಗೆ ಹೋಲಿಸುವಾಗಲೂ ಎಚ್ಚರ ಬೇಕು. ಪಠ್ಯಪುಸ್ತಕಗಳಲ್ಲಿರುವ 9.81 ಯುರೋಪಿನ ಅಕ್ಷಾಂಶಗಳಿಗೆ ಹೊಂದುವ ಸಂಖ್ಯೆ. ಸಮಭಾಜಕಕ್ಕೆ ಹತ್ತಿರವಿರುವ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು 9.78. ನಮ್ಮ 9.8 ± 0.1 ಎಂಬ ಫಲಿತಾಂಶ 9.7ರಿಂದ 9.9ರವರೆಗಿನ ಬೆಲೆಗಳಿಗೆ ಜಾಗ ಬಿಡುತ್ತದೆ. 9.78 ಅದರೊಳಗಿದೆ, ಆದ್ದರಿಂದ ಹೊಂದುತ್ತದೆ. 9.81 ಕೂಡ ಅದರೊಳಗಿದೆ! ಅಂದರೆ ಬೆಂಗಳೂರು ಮತ್ತು ಪ್ಯಾರಿಸ್ಸಿನ ನಡುವಿನ ವ್ಯತ್ಯಾಸವನ್ನು ಹಿಡಿಯುವ ಶಕ್ತಿ ಈ ಪ್ರಯೋಗಕ್ಕಿಲ್ಲ. ಇದನ್ನು ಬಿಚ್ಚಿ ಹೇಳುವುದೇ ಒಳ್ಳೆಯ ಚರ್ಚೆ.

ಆ ವ್ಯತ್ಯಾಸವನ್ನು ಮೊದಲು ಹಿಡಿದದ್ದೂ ಒಂದು ಲೋಲಕವೇ. ಫ್ರೆಂಚ್ ಖಗೋಳಜ್ಞ ಜಾನ್ ರಿಶೇ 1672ರಲ್ಲಿ ದಕ್ಷಿಣ ಅಮೆರಿಕದ ಕಯೆನ್‌ಗೆ ಲೋಲಕದ ಗಡಿಯಾರ ಕೊಂಡೊಯ್ದರು. ಪ್ಯಾರಿಸ್ಸಿನಲ್ಲಿ ಸರಿಯಾಗಿ ನಡೆಯುತ್ತಿದ್ದ ಲೋಲಕ ಅಲ್ಲಿ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಅವರು ಅದನ್ನು ಮುಚ್ಚಿಡಲಿಲ್ಲ; ಸರಿಯಾದ ಸಮಯಕ್ಕೆ ಲೋಲಕವನ್ನು ಎಷ್ಟು ಗಿಡ್ಡ ಮಾಡಬೇಕಾಯಿತು ಎಂದು ಅಳೆದು ವರದಿ ಮಾಡಿದರು. ಭೂಮಿ ನಡುವಿನಲ್ಲಿ ಉಬ್ಬಿದೆ, ಅಲ್ಲಿ ಸೆಳೆತ ಕಡಿಮೆ ಎಂಬ ವಾದಕ್ಕೆ ನ್ಯೂಟನ್ 1687ರ ತಮ್ಮ ಗ್ರಂಥದಲ್ಲಿ ಆ ಅಳತೆಯನ್ನು ಬಳಸಿದರು.

ಇದಕ್ಕೆ ತಿರುಗುಮುರುಗಾದ ಘಟನೆಯೂ ಇದೆ. 2011ರ ಸೆಪ್ಟೆಂಬರಿನಲ್ಲಿ ಓಪೆರಾ ಎಂಬ ತಂಡ, ಜಿನೀವಾ ಬಳಿಯಿಂದ ಇಟಲಿಯ ಗ್ರಾನ್ ಸಾಸೊವರೆಗಿನ ಸುಮಾರು 730 ಕಿ.ಮೀ. ದೂರವನ್ನು ನ್ಯೂಟ್ರಿನೋ ಕಣಗಳು ಬೆಳಕಿಗಿಂತ ಸುಮಾರು 60 ನ್ಯಾನೋಸೆಕೆಂಡ್ ಮೊದಲೇ ಕ್ರಮಿಸಿದಂತೆ ಕಾಣುತ್ತಿದೆ ಎಂದು ವರದಿ ಮಾಡಿತು. ಜಗತ್ತೆಲ್ಲ ಕೋಲಾಹಲ. ವರದಿ ಮಾತ್ರ ಸಂಯಮದಿಂದಿತ್ತು: ಅಳತೆ, ಅನಿಶ್ಚಿತತೆ, ಪರಿಶೀಲಿಸಿದ ಕಾರಣಗಳು ಎಲ್ಲವನ್ನೂ ಕೊಟ್ಟು, ಇದರ ಅರ್ಥವೇನೆಂದು ಸಿದ್ಧಾಂತ ಕಟ್ಟಲು ತಾವು ಹೋಗುವುದಿಲ್ಲ ಎಂದು ತಂಡ ಬರೆದಿತ್ತು. 2012ರಲ್ಲಿ ಕಾರಣ ಸಿಕ್ಕಿತು. ಮುಖ್ಯವಾದದ್ದು ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್, ಅಪ್ಪಟ ವ್ಯವಸ್ಥಿತ ದೋಷ. ಗುಂಡಿನ ತ್ರಿಜ್ಯ ಮರೆತ ವಿದ್ಯಾರ್ಥಿಗೂ ಆ ತಂಡಕ್ಕೂ ಎದುರಾದ ಸಮಸ್ಯೆಯ ಜಾತಿ ಒಂದೇ.

ಕೊನೆಗೆ ಬರೆದು ಮೊದಲಿಗೆ ಇಡುವ ಸಾರಾಂಶ

ಸಾರಾಂಶ ವರದಿಯ ತಲೆಯಲ್ಲಿರುತ್ತದೆ, ಬರೆಯುವುದು ಎಲ್ಲ ಮುಗಿದ ಮೇಲೆ. ಮದುವೆಯ ಕರೆಯೋಲೆಯಂತೆ ಇದರಲ್ಲಿ ಮುಖ್ಯ ಸಂಗತಿಗಳೆಲ್ಲ ನಾಲ್ಕು ಸಾಲಿನಲ್ಲಿ ಇರಬೇಕು: ಏನು ಅಳೆದಿರಿ, ಹೇಗೆ, ಉತ್ತರ ಎಷ್ಟು, ಅದು ಹೊಂದಿತೇ. 'ಫಲಿತಾಂಶವನ್ನು ಮುಂದೆ ಚರ್ಚಿಸಲಾಗಿದೆ' ಎಂದು ಕುತೂಹಲ ಉಳಿಸುವ ಜಾಗ ಇದಲ್ಲ. ಸಂಖ್ಯೆಯನ್ನು ಇಲ್ಲಿಯೇ, ಅನಿಶ್ಚಿತತೆ ಮತ್ತು ಮಾನದ ಸಮೇತ ಹೇಳಿಬಿಡಬೇಕು. ನಮ್ಮ ಲೋಲಕದ ವರದಿಗೆ ಅದು ಹೀಗಿರಬಹುದು:

'ಸರಳ ಲೋಲಕದ ಐದು ಉದ್ದಗಳಿಗೆ (60.0ರಿಂದ 100.0 ಸೆಂ.ಮೀ.) 20 ಆಂದೋಲನಗಳ ಸಮಯವನ್ನು ಅಳೆದು ಗುರುತ್ವ ವೇಗೋತ್ಕರ್ಷವನ್ನು ಕಂಡುಹಿಡಿದೆವು. 100.0 ಸೆಂ.ಮೀ. ಉದ್ದದ ಅಳತೆಯಿಂದ ಬಂದ ಬೆಲೆ 9.8 ± 0.1 ಮೀ/ಸೆ², ಐದೂ ಉದ್ದಗಳ ಗ್ರಾಫಿನ ಇಳಿಜಾರಿನಿಂದ ಬಂದ 9.77 ಇದಕ್ಕೆ ಹೊಂದುತ್ತದೆ. ಬೆಂಗಳೂರಿನ ನಿರೀಕ್ಷಿತ ಬೆಲೆ 9.78 ಮೀ/ಸೆ² ಅನಿಶ್ಚಿತತೆಯ ಮಿತಿಯೊಳಗಿದೆ. ಅನಿಶ್ಚಿತತೆಯ ಬಹುಪಾಲು ಸಮಯದ ಅಳತೆಯಿಂದ ಬಂದಿದ್ದು, ಆಂದೋಲನಗಳ ಸಂಖ್ಯೆಯನ್ನು ಹೆಚ್ಚಿಸಿ ಅದನ್ನು ತಗ್ಗಿಸಬಹುದು.'

ಇದರ ಕೆಳಗೆ ಪ್ರಯೋಗ ಮಾಡಿದ ದಿನಾಂಕ, ಜೊತೆಯಲ್ಲಿ ಅಳೆದ ಸಹಪಾಠಿಯ ಹೆಸರು. ಓದಿಕೆಗಳನ್ನು ಇಬ್ಬರೂ ಹಂಚಿಕೊಳ್ಳಬಹುದು. ವಾಕ್ಯಗಳನ್ನು ಮಾತ್ರ ಇಬ್ಬರೂ ಬೇರೆ ಬೇರೆ ಕುಳಿತು ಬರೆಯಬೇಕು.